ವೇಣೂರಿನಿಂದ ಬಂದ ಕಟ್ಟು

ಅರಿಶಿನ ಎಲೆ ಬೇಯುವ ವಾಸನೆ!

ಗೇಟಿನ ಚಿಲಕಕ್ಕೆ ಕೈಯಿಟ್ಟ ಪ್ರೇಮಾವತಿ ಹಾಗೆಯೇ ನಿಂತುಬಿಟ್ಟಳು.

ಆ ವಾಸನೆ ಇಷ್ಟು ಹತ್ತಿರದಿಂದ ಮೂಗಿಗೆ ಬಂದು ಎಷ್ಟು ಕಾಲವಾಯಿತು... ನಾಗರಪಂಚಮಿಯ ಬೆಳಿಗ್ಗೆ ಅಮ್ಮ ಅರಿಶಿನ ಎಲೆಯೊಳಗೆ ಅಕ್ಕಿಹಿಟ್ಟು, ಬೆಲ್ಲ, ಕಾಯಿತುರಿ ಮಡಚಿ ಹಬೆಗೆ ಇಟ್ಟರೆ ಅಂಗಳದ ಆಚೆಗೂ ಗೊತ್ತಾಗುತ್ತಿತ್ತು. ಒಲೆಯ ಬುಡದಲ್ಲಿ ಮೊದಲು ಹಾಜರಾಗುತ್ತಿದ್ದವಳು ಪ್ರೇಮಾವತಿಯೇ.

ಅದೆಲ್ಲ ಹತ್ತು ವರ್ಷ ತುಂಬುವವರೆಗೆ. ಆಮೇಲೆ ಸಕ್ಕರೆ ಕಾಯಿಲೆ ಬಂತು. ಸೂಜಿ ಬಂತು. ಪಂಚಮಿಯ ಆ ಸಿಹಿ ಗಟ್ಟಿ ಮಾತ್ರ ಮನೆಯಲ್ಲಿ ಬೇಯುತ್ತಲೇ ಇತ್ತು. ಅವಳು ಅಡುಗೆಮನೆಗೆ ಕಾಲಿಟ್ಟ ಕೂಡಲೇ ಟಪ್ಪೆಂದು ಮುಚ್ಚಳ ಬೀಳುವ ಸದ್ದು. ಅಣ್ಣ ಬಾಯಿ ಒರೆಸಿಕೊಳ್ಳುತ್ತಿದ್ದ. ತಂಗಿ ಕೈ ಹಿಂದಕ್ಕೆ ಮಾಡುತ್ತಿದ್ದಳು. ಅವಳಿಗೆ ಆಸೆಯಾಗಬಾರದೆಂದು, ಬೇಜಾರಾಗಬಾರದೆಂದು ಎಲ್ಲರೂ ಅಡಗಿ ತಿನ್ನುತ್ತಿದ್ದರು. ಅವರದು ಪ್ರೀತಿಯೇ! ಆದರೆ ಆ ಪ್ರೀತಿಯಿಂದ ಅವಳು ಕಲಿತದ್ದು ಒಂದು ಕೆಟ್ಟ ಪಾಠ. ಯಾರಾದರೂ ನಿನ್ನನ್ನು ನೋಡಿ ನಕ್ಕರೆ, ಮೊದಲು ಅವರ ಕೈ ನೋಡು.

ಈಗ ಗೇಟಿನ ಆಚೆ ನಿಂತ ನೀಲಿ ಅಂಗಿಯವನೂ ನಗುತ್ತಿದ್ದ. ಅವನ ಕೈಯಲ್ಲಿ ಒಂದು ಬಟ್ಟೆಯ ಚೀಲವಿತ್ತು. ವಾಸನೆ ಬರುತ್ತಿದ್ದದ್ದು ಅದರೊಳಗಿಂದ.

"ಪ್ರೇಮಾವತಿಯವರ ಮನೆ ಇದೇ ಅಲ್ವಾ?"

"ಹೌದು. ನೀವು ಯಾರು?"

"ನಾನು ಜಿತೇಶ್. ವೇಣೂರಿನವ. ನೀವು ನಾಡಿದ್ದು ಆಕ್ಲೆಂಡಿಗೆ ಹೋಗ್ತೀರಂತೆ..."

"ಯಾರು ಹೇಳಿದ್ದು ನಿಮಗೆ?"

"ಅದು... ಬಸ್ಸಿನಲ್ಲಿ ಯಾರೋ ಮಾತಾಡ್ತಾ ಇದ್ದರು."

ಸುಳ್ಳು! ಸುಳ್ಳು ಹೇಳುವವನ ಕಿವಿ ಇಷ್ಟು ಕೆಂಪಾಗುವುದನ್ನು ಅವಳು ಎಂದೂ ನೋಡಿರಲಿಲ್ಲ.

"ನನ್ನ ಫ್ರೆಂಡ್ ಒಬ್ಬ ಅಲ್ಲಿದ್ದಾನೆ. ಅವನಿಗೆ ಒಂದು ಸಣ್ಣ ಕಟ್ಟು. ಕೊಂಡು ಹೋಗ್ತೀರಾ? ಆದರೆ ದೊಡ್ಡ ಸೂಟ್‌ಕೇಸಿಗೆ ಹಾಕಬೇಡಿ, ಕೈಚೀಲದಲ್ಲೇ ಇಟ್ಟುಕೊಳ್ಳಿ ಆಯ್ತಾ?"

ಗುರುವಾಯನಕೆರೆಯ ಕಡೆಯಿಂದ ಯಾರು ಹೊರದೇಶಕ್ಕೆ ಹೊರಟರೂ ಒಂದು ವಾರ ಮೊದಲಿಂದ ಕಟ್ಟುಗಳು ಬರುವುದು ಹೊಸತೇನಲ್ಲ. ಒಬ್ಬರ ಮಗನಿಗೆ ಹಪ್ಪಳ, ಇನ್ನೊಬ್ಬರ ಸೊಸೆಗೆ ಹೊಲಿಸಿದ ರವಿಕೆ. ಇಲ್ಲ ಎನ್ನುವ ಪದ್ಧತಿಯೇ ಇಲ್ಲ. ಆದರೆ ಇತ್ತೀಚೆಗೆ ಪೇಪರಿನಲ್ಲಿ ಬರುವುದನ್ನು ಓದಿದರೆ ಕೈ ಚಾಚಲು ಯಾರಿಗೂ ಧೈರ್ಯ ಬರುವುದಿಲ್ಲ. ಮಿಕ್ಸಿಯೊಳಗೆ ಚಿನ್ನ, ಹಲ್ವದೊಳಗೆ ಇನ್ನೇನೋ...

"ಆ ದೇಶಕ್ಕೆ ತಿನ್ನುವ ಸಾಮಾನು ತಂದರೆ ದಂಡ ಹಾಕ್ತಾರೆ ಅಂತ ನನ್ನ ತಂಗಿ ಹತ್ತು ಸಲ ಹೇಳಿದ್ದಾಳೆ. ನಿಮ್ಮ ಫ್ರೆಂಡ್ ನಿಮಗೆ ಹೇಳ್ಲಿಲ್ವಾ?"

ಅವನು ತಡವರಿಸಿದ. "ಹೌದಲ್ಲ... ಅದು ನೆನಪೇ ಆಗಲಿಲ್ಲ. ಹಾಗಾದರೆ... ದಾರಿಯಲ್ಲಿ ನೀವೇ ತಿಂದುಬಿಡಿ!"

ಪ್ರೇಮಾವತಿ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಫ್ರೆಂಡಿಗೆ ಕೊಟ್ಟ ಕಟ್ಟನ್ನು ಕೊಂಡು ಹೋಗುವವಳೇ ತಿನ್ನಬೇಕಂತೆ! ಇದು ಯಾವ ಊರಿನ ಲೆಕ್ಕ?

ಆದರೂ ಬಿಸಿಲಲ್ಲಿ ಬಂದವನು ಬೆವರಿ ನಿಂತಿದ್ದಾನೆ. ಸಂಶಯದವನಾದರೇನು, ಬಾಯಾರಿಕೆ ಬಾಯಾರಿಕೆಯೇ. ಒಳಗೆ ಹೋಗಿ ಒಂದು ತುಂಡು ಬೆಲ್ಲ, ಒಂದು ಲೋಟ ನೀರು ತಂದುಕೊಟ್ಟಳು. ಅವನು ಕುಡಿದು, ಲೋಟವನ್ನು ಅಂಗಳದ ನಲ್ಲಿಯಲ್ಲಿ ತೊಳೆದು ಕಟ್ಟೆಯ ಮೇಲೆ ಕವುಚಿಟ್ಟ. ಅವಳು ಒಂದು ಕ್ಷಣ ಆ ಲೋಟವನ್ನೇ ನೋಡಿದಳು. ತಲೆಯೆತ್ತುವಷ್ಟರಲ್ಲಿ ಅವನಿಲ್ಲ! ಚೀಲ ಮಾತ್ರ ಗೇಟಿಗೆ ನೇತಾಡುತ್ತಿತ್ತು.

ಸಂಜೆ ಝೆರಾಕ್ಸ್ ಅಂಗಡಿ ಮುಚ್ಚಿ ಬಂದ ಅಣ್ಣ ರುಕ್ಮಯ್ಯ ಚೀಲವನ್ನು ಊಟದ ಮೇಜಿನ ಮೇಲೆ ಸುರಿದ. ಅರಿಶಿನ ಎಲೆ ಹಾಸಿದ ಡಬ್ಬಿಯಲ್ಲಿ ಎಳ್ಳು ಹಚ್ಚಿದ ಗೋಧಿ ಬಿಸ್ಕತ್ತು. ಒಂದು ಪೊಟ್ಟಣ ಹುರಿದ ನೆಲಗಡಲೆ.

"ಬಿಸ್ಕತ್ತಿನ ಒಳಗೆ ಇಟ್ಟಿರ್ತಾರೆ, ನಂಗೊತ್ತುಂಟು," ಎಂದು ರುಕ್ಮಯ್ಯ ಒಂದೊಂದನ್ನೇ ಮುರಿದ. ಪುಡಿ ಮಾಡಿದ. ಜರಡಿ ತರಿಸಿದ.

"ಚಿನ್ನ ಉಂಟಾ ಅಣ್ಣ?"

"ಇಲ್ಲ. ನೆಲಗಡಲೆಯಲ್ಲೂ ಎಂತದ್ದೂ ಇಲ್ಲ," ಎಂದ, ಅಗಿಯುತ್ತ. ಪೊಟ್ಟಣ ಅರ್ಧ ಖಾಲಿಯಾಗಿತ್ತು.

ತಳದಲ್ಲಿ ಇನ್ನೊಂದು ಸಣ್ಣ ಡಬ್ಬಿ ಸಿಕ್ಕಿತು. ಅದರ ಮೇಲಿನ ಚೀಟಿಯನ್ನು ಯಾರೋ ಉಗುರಿನಿಂದ ಕೆರೆದು ತೆಗೆದಿದ್ದರು. ಒಳಗೆ ದೊಡ್ಡ ದೊಡ್ಡ ಬಿಳಿ ಗುಳಿಗೆಗಳು!

ಅಣ್ಣ ತಂಗಿ ಮುಖ ಮುಖ ನೋಡಿಕೊಂಡರು.

"ಪ್ರೇಮಾ... ಇದು ಅದೇ ಮಾರಾಯ್ತಿ! ಪೇಪರಿನಲ್ಲಿ ಬರ್ತದಲ್ಲ, ಅದೇ! ನಿನ್ನನ್ನು ಏರ್‌ಪೋರ್ಟಿನಲ್ಲೇ ಹಿಡಿದು ಹಾಕ್ತಿದ್ದರು!"

ಅವನು ಹಿಂದೆ ಮುಂದೆ ನೋಡದೆ ಅಷ್ಟನ್ನೂ ಕಕ್ಕಸಿಗೆ ಸುರಿದು ನೀರು ಬಿಟ್ಟ.

ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ತೊಳೆದಿಟ್ಟ ಲೋಟ ನೆನಪಾಗುತ್ತಿತ್ತು. ಛೆ! ಅಷ್ಟು ಮರ್ಯಾದಸ್ಥನಂತೆ ಕಂಡವನು...

* * *

ಪ್ರೇಮಾವತಿಗೆ ಮೂವತ್ತೊಂಬತ್ತು. ಮೂಡುಬಿದಿರೆಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ. ನೋಡಲು ಬಂದ ಗಂಡುಗಳೆಲ್ಲ ಮೆಚ್ಚಿಯೇ ಹೋಗುತ್ತಿದ್ದರು. ನಾಲ್ಕು ದಿನ ಕಳೆದು 'ಜಾತಕ ಕೂಡುವುದಿಲ್ಲ' ಎಂದು ಫೋನು ಬರುತ್ತಿತ್ತು. ಜಾತಕಕ್ಕೆ ಏನೂ ಆಗಿರಲಿಲ್ಲವೆಂದು ಎಲ್ಲರಿಗೂ ಗೊತ್ತು. ಒಂದು ದಿನ ಅವಳೇ, "ಇನ್ನು ಯಾರನ್ನೂ ಕರೆಸಬೇಡಿ" ಎಂದಳು. ಆಮೇಲೆ ಅವಳೆದುರು ಮದುವೆಯ ಮಾತೆತ್ತಲು ಮನೆಯಲ್ಲಿ ಯಾರಿಗೂ ಬಾಯಿ ಬರಲಿಲ್ಲ.

ಈಗ ತಂಗಿ ಸಾತ್ವಿಕಾಳ ಹೆರಿಗೆಗೆಂದು ಹೊರಟಿದ್ದಳು. ಮಂಗಳೂರಿನಿಂದ ಗಲ್ಫ್, ಅಲ್ಲಿಂದ ಇನ್ನೊಂದು ವಿಮಾನ, ಸುಮಾರು ಹದಿನಾರು ಗಂಟೆಯ ಹಾರಾಟ. ಟಿಕೆಟ್ ಮಾಡುವಾಗ ಸಾತ್ವಿಕಾ ಅಕ್ಕನ ಹೆಸರಿಗೆ ಶುಗರಿನವರ ಊಟ ಬೇಕೆಂದು ಬರೆಸಿದ್ದಳು. ಪ್ರೇಮಾವತಿ ಬೆಳ್ತಂಗಡಿಯ ಏಜೆಂಟರಿಗೆ ಹೇಳಿ ಗುಟ್ಟಾಗಿ ಅದನ್ನು ತೆಗೆಸಿದಳು.

ಆ ಊಟವನ್ನು ಎಲ್ಲರಿಗಿಂತ ಮೊದಲು, ಹೆಸರು ಕೂಗಿ ಕೊಡುತ್ತಾರಂತೆ!

ಬಂಟ್ವಾಳದ ಒಂದು ಮದುವೆಯ ಹಾಲ್‌ನಲ್ಲಿ ಬಡಿಸುವವನು ಪಂಕ್ತಿಯ ತುದಿಯಿಂದ, "ಶುಗರಿನವರಿಗೆ ಚಪಾತಿ! ಯಾರಿಗೆ ಶುಗರ್?" ಎಂದು ಕೂಗಿದ್ದು, ಇಡೀ ಪಂಕ್ತಿ ತನ್ನ ಕಡೆ ತಿರುಗಿದ್ದು ಅವಳು ಮರೆತಿರಲಿಲ್ಲ. ಹಾಗೆ ತಿರುಗಿದವರಲ್ಲಿ ಮರುವಾರ ಅವಳನ್ನು ನೋಡಲು ಬರಬೇಕಿದ್ದ ಗಂಡಿನ ತಾಯಿಯೂ ಇದ್ದಳು.

ಬೇಡಪ್ಪ. ಹಸಿದರೂ ಚಿಂತೆಯಿಲ್ಲ, ಕೂಗಿಸಿಕೊಳ್ಳುವುದು ಬೇಡ.

ಮಂಗಳೂರಿನ ನಿಲ್ದಾಣದಲ್ಲಿ ಸಾಲಿನಲ್ಲಿ ನಿಂತಾಗ ಕಂಬದ ಹಿಂದೆ ಒಂದು ಪರಿಚಿತ ನೀಲಿ ಅಂಗಿ ಸರಿದಂತಾಯಿತು. ಅವನೇ! ಜಿತೇಶ್! ತಾನೇ ಹೋಗುವವನು ಕಟ್ಟನ್ನು ನನ್ನ ಕೈಯಲ್ಲಿ ಕಳಿಸಿದ್ದೇಕೆ? ಸಿಕ್ಕಿಬಿದ್ದರೆ ನಾನು ಬೀಳಲಿ ಎಂದು ತಾನೇ?

ಗಲ್ಫಿನಲ್ಲಿ ದೊಡ್ಡ ವಿಮಾನ ಹತ್ತಿ ತನ್ನ ಸೀಟು ಹುಡುಕಿದಳು. ದಾರಿಯ ಪಕ್ಕದ್ದು ಅವಳದು. ನಡುವಿನದು ಖಾಲಿ.

ಕಿಟಕಿಯ ಪಕ್ಕ ಅವನು ಕುಳಿತಿದ್ದ.

"ಬನ್ನಿ ಬನ್ನಿ. ಕೊಡಿ, ಬ್ಯಾಗ್ ಮೇಲೆ ಇಡ್ತೇನೆ."

"ಮುಟ್ಟಬೇಡಿ!"

ಅವಳು ಚೀಲವನ್ನು ಎದೆಗೆ ಅವಚಿಕೊಂಡಳು. ಇವನ ಕೈಗೆ ಸಿಕ್ಕಿದರೆ ಏನು ತುರುಕುತ್ತಾನೋ! ನಾಲ್ಕು ಸಾಲು ಹಿಂದೆ ಹೋಗಿ, ಯಾರದೋ ಪೆಟ್ಟಿಗೆಯ ಆಚೆ, ಅವನಿಗೆ ಎಟುಕದ ಹಾಗೆ ಒಳಗೆ ದೂಡಿ ಬಂದಳು. ಇನ್ಸುಲಿನ್ ಪೆನ್ನಿನ ಪುಟ್ಟ ಪರ್ಸ್ ಮಾತ್ರ ಕೈಯಲ್ಲಿತ್ತು. ಯಾವಾಗಲೂ ಜೊತೆಗಿರುವ ಸಕ್ಕರೆಯ ಪೊಟ್ಟಣ, ಪೆಪ್ಪರ್‌ಮೆಂಟು ಎಲ್ಲ ಆ ಚೀಲದಲ್ಲೇ ಹೋದದ್ದು ಅವಳಿಗೆ ಹೊಳೆಯಲೇ ಇಲ್ಲ.

ವಿಮಾನ ಮೇಲೇರಿತು. ಅವನು ಮೆಲ್ಲಗೆ ಬಗ್ಗಿದ.

"ಆ ಕಟ್ಟು... ತಂದಿದ್ದೀರಲ್ಲ?"

"ಯಾವ ಕಟ್ಟು?"

"ನಾನು ಕೊಟ್ಟದ್ದು. ಸಣ್ಣ ಡಬ್ಬಿ ಇತ್ತಲ್ಲ ಅದರಲ್ಲಿ..."

"ನೋಡಿ! ಇನ್ನೊಂದು ಮಾತಾಡಿದರೆ ಆ ಗಗನಸಖಿಯನ್ನು ಕರೆದು ಎಲ್ಲ ಹೇಳ್ತೇನೆ. ನನಗೆ ಎಲ್ಲ ಗೊತ್ತಾಗಿದೆ!"

ಅವನ ಮುಖದ ರಕ್ತವೇ ಇಳಿಯಿತು. "ಗೊತ್ತಾಯ್ತಾ?... ಸಾರಿ. ನಾನು ಮೊದಲೇ ಹೇಳಿಬಿಡಬೇಕಿತ್ತು."

ಒಪ್ಪಿಕೊಂಡೇಬಿಟ್ಟನಲ್ಲ! ಇನ್ನು ಇಷ್ಟು ದೂರ ಇಂಥವನ ಪಕ್ಕದಲ್ಲಿ...

ಮುಂದಿನ ಪರದೆಯ ಹಿಂದಿನಿಂದ ಅನ್ನದ ಪರಿಮಳ ಬಂತು. ಊಟದ ಗಾಡಿ ಹೊರಬಿತ್ತು. ಇವನ ಎದುರು ಸೂಜಿ ಚುಚ್ಚಿಕೊಳ್ಳುವುದೇ? ಸಾಧ್ಯವಿಲ್ಲ. ಎದ್ದು ಟಾಯ್ಲೆಟ್ಟಿಗೆ ಹೋಗಿ ಇನ್ಸುಲಿನ್ ಹಾಕಿಕೊಂಡು ಬಂದು ಕುಳಿತಳು.

ಅದೇ ತಪ್ಪಾಯಿತು.

ಕುಳಿತು ಸ್ವಲ್ಪವೇ ಹೊತ್ತಿಗೆ ವಿಮಾನ ಘಾಟಿಯ ಬಸ್ಸಿನಂತೆ ಕುಲುಕತೊಡಗಿತು. ಬೆಲ್ಟಿನ ದೀಪ ಹತ್ತಿತು. ಯಾರೂ ಏಳಬಾರದೆಂದು ಘೋಷಣೆಯಾಯಿತು. ಊಟದ ಗಾಡಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ... ನಿಲ್ಲಲಿಲ್ಲ.

ಮೊದಲು ಬೆರಳು ನಡುಗಿತು. ಕುತ್ತಿಗೆಯ ಹಿಂದೆ ತಣ್ಣನೆಯ ಬೆವರು. ತುಟಿ ಜೋಮು ಹಿಡಿಯಿತು. ಸಕ್ಕರೆ ಇಳಿಯುತ್ತಿದೆ! ಚೀಲ... ಚೀಲ ನಾಲ್ಕು ಸಾಲು ಹಿಂದೆ, ಪೆಟ್ಟಿಗೆಯ ಆಚೆ... ತಾನೇ ದೂಡಿದ್ದು...

"ಪ್ರೇಮಾವತಿ? ಇಲ್ಲಿ ನೋಡಿ. ನನ್ನನ್ನು ನೋಡಿ!"

ಅವನ ಮುಖ ಎರಡೆರಡಾಗಿ ಕಂಡಿತು. ಅವನು ಅಂಗಿಯ ಜೇಬಿನಿಂದ ಏನೋ ತೆಗೆದ. ಡಬ್ಬಿ. ಬಿಳಿ ಗುಳಿಗೆ!

"ಇದನ್ನು ಬಾಯಿಗೆ ಹಾಕಿ, ಅಗಿಯಿರಿ. ಬೇಗ!"

"ಬೇಡ... ಕೊಲ್ತೀರಾ ನನ್ನನ್ನು..." ಅವಳು ಹಲ್ಲು ಕಚ್ಚಿದಳು. ಅವನ ಕೈಯನ್ನು ದೂಡಿದಳು.

ಅವನು ವಾದ ಮಾಡಲಿಲ್ಲ. ಒಂದು ಗುಳಿಗೆಯನ್ನು ತನ್ನ ಬಾಯಿಗೆ ಹಾಕಿ ಕಟುಂ ಕಟುಂ ಎಂದು ಅಗಿದ. ಆಮೇಲೆ ಮಗುವಿನ ಹಾಗೆ ನಾಲಿಗೆ ಹೊರಚಾಚಿ ತೋರಿಸಿದ.

"ಬರೀ ಸಕ್ಕರೆ ಮಾರಾಯ್ರೆ! ಗ್ಲೂಕೋಸ್! ಕಿತ್ತಳೆಯ ರುಚಿಯದ್ದು. ನನ್ನ ಮೇಲೆ ಸಿಟ್ಟಿದ್ದರೆ ಆಮೇಲೆ ಬಯ್ಯಿರಿ. ಬಯ್ಯಲಿಕ್ಕಾದರೂ ಎಚ್ಚರ ಇರಬೇಕಲ್ಲ?"

ಮೆದು ಕಿತ್ತಳೆಯ ಪರಿಮಳ. ಅವಳ ಬಾಯಿ ತಾನಾಗಿ ತೆರೆಯಿತು.

ಒಂದು. ಇನ್ನೊಂದು. ಮತ್ತೆರಡು...

ಅವನು ನಡುವಿನ ಸೀಟಿಗೆ ಸರಿದು ಕುಳಿತಿದ್ದ. ಅವಳ ಕೈ ಹಿಡಿಯಲಿಲ್ಲ. ತನ್ನ ಕೈಯನ್ನು ಅಂಗೈ ಮೇಲಾಗಿ ಹತ್ತಿರದಲ್ಲಿ ಇಟ್ಟಿದ್ದ, ಅಷ್ಟೇ. ಕುಲುಕಾಟ ಹೆಚ್ಚಾದಾಗ ಅವಳೇ ಅದನ್ನು ಹಿಡಿದಳು.

* * *

ಜಗತ್ತು ಒಂದೊಂದೇ ಆಗಿ ತನ್ನ ಜಾಗಕ್ಕೆ ಬಂತು. ವಿಮಾನವೂ ಶಾಂತವಾಯಿತು. ಪ್ರೇಮಾವತಿ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಆ ಡಬ್ಬಿಯಲ್ಲಿ ಇದ್ದದ್ದೂ ಇದೇಯಾ?"

"ಹೌದು. ಎಲ್ಲಿ ಅದು?"

"ಅಣ್ಣ ಕಕ್ಕಸಿಗೆ ಸುರಿದ."

ಅವನು ಕಣ್ಣರಳಿಸಿದ. ನಕ್ಕುಬಿಟ್ಟ. ಅವಳಿಗೂ ನಗು ತಡೆಯಲಿಲ್ಲ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು.

ಗ್ಲೂಕೋಸನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗುವವನು... ಹಾಗಾದರೆ ಇವನೂ...

"ನಿಮಗೂ ಶುಗರಾ?" ಎಂದು ಕೇಳಿದಳು, ತೀರ ಮೆತ್ತಗೆ.

ಅವನು ಬಾಯಿ ತೆರೆಯುವಷ್ಟರಲ್ಲಿ ಗಗನಸಖಿ ತಟ್ಟೆ ಹಿಡಿದು ಬಂದಳು. "ಮಿಸ್ಟರ್ ಜಿತೇಶ್? ಡಯಾಬಿಟಿಕ್ ಮೀಲ್?"

"ಯೆಸ್, ನನ್ನದೇ!" ಎಂದು ಅವನು ಕೈಯೆತ್ತಿದ, ಶಾಲೆಯಲ್ಲಿ ಹಾಜರಿ ಹೇಳುವಷ್ಟು ಗಟ್ಟಿಯಾಗಿ.

ಪ್ರೇಮಾವತಿ ಬೆರಗಾದಳು. ಇಷ್ಟು ಸಲೀಸಾಗಿ ಹೇಳಬಹುದೇ ಇದನ್ನು?

"ನೀವು ಮೊದಲು ಇದನ್ನು ತಿನ್ನಿ. ನಿಮ್ಮದು ಬಂದರೆ ನಾನು ತಿನ್ತೇನೆ," ಎಂದು ತಟ್ಟೆಯನ್ನು ಅವಳ ಮುಂದಿಟ್ಟ. ಬೇಯಿಸಿದ ತರಕಾರಿ, ಕೋಳಿಯ ತುಂಡು, ಸ್ವಲ್ಪ ಕೆಂಪಕ್ಕಿ ಅನ್ನ, ಕೊನೆಗೆ ಸೇಬಿನ ಹೋಳು. ಸಿಹಿಯಿಲ್ಲ.

ತಿನ್ನುತ್ತ ತಿನ್ನುತ್ತ ಅವಳ ಮಾತಿನ ಕಟ್ಟೆ ಒಡೆಯಿತು. ಅಡುಗೆಮನೆಯ ಮುಚ್ಚಳದ ಸದ್ದು, ಬಂಟ್ವಾಳದ ಪಂಕ್ತಿ, ಕೂಡದ ಜಾತಕಗಳು... ಯಾರಿಗೂ ಹೇಳದ್ದನ್ನೆಲ್ಲ ಹೇಳಿದಳು. ಇವನಿಗೆ ಅರ್ಥವಾಗುತ್ತದೆ. ಇವನು ತನ್ನವನು. ಅವನು ಒಮ್ಮೆಯೂ 'ಪಾಪ' ಅನ್ನಲಿಲ್ಲ. ಆದರೆ ಯಾಕೋ ತಲೆ ತಗ್ಗಿಸಿದ್ದ.

ಅವಳ ಪಾಲಿನ ಊಟ ಬಂತು. ಬೆಣ್ಣೆ ಮಿನುಗುವ ಅನ್ನ, ಬನ್ನು, ಕೆನೆ ಹಾಕಿದ ಕೇಕು. ಜಿತೇಶ್ ಯಾವ ಸೂಜಿಯನ್ನೂ ತೆಗೆಯದೆ ನೇರವಾಗಿ ಕೇಕಿಗೆ ಚಮಚ ಹಾಕಿದ.

ಪ್ರೇಮಾವತಿಯ ಕಣ್ಣು ಅವನ ಕೈಯ ಮೇಲೆ ನಿಂತಿತು.

"ಅಲ್ಲ... ನೀವು ಊಟಕ್ಕೆ ಎಷ್ಟು ಯೂನಿಟ್ ಹಾಕ್ತೀರಿ?"

"ಎಂತದ್ದು?"

"ಇನ್ಸುಲಿನ್."

"ಅದು... ಹೀಗೇ... ಒಂದು ಅರ್ಧ ಬಾಟ್ಲಿ?"

ಅವಳ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು.

"ಅರ್ಧ ಬಾಟ್ಲಿ ಹಾಕಿದವ ಕೇಕ್ ತಿನ್ನಲಿಕ್ಕೆ ಉಳಿಯುವುದಿಲ್ಲ! ನಿಮಗೆ ಶುಗರ್ ಇಲ್ಲ. ಇಲ್ಲ ಅಲ್ವಾ?"

ಅವನು ಕೇಕಿನ ತಟ್ಟೆಯನ್ನು ಬದಿಗೆ ಸರಿಸಿದ.

"ಇಲ್ಲ," ಎಂದ ಕೊನೆಗೆ. "ನಾನು ಆಕ್ಲೆಂಡಿನಲ್ಲಿ ಸಣ್ಣ ಹೋಟೆಲು ನಡೆಸುವುದು. ಸಾತ್ವಿಕಾ, ಅವಳ ಗಂಡ ಎಲ್ಲ ಅಲ್ಲಿಗೆ ಬರ್ತಾರೆ. ನಾನು ಅಮ್ಮನನ್ನು ನೋಡಲಿಕ್ಕೆ ಊರಿಗೆ ಬರುವವನಿದ್ದೆ. 'ವಾಪಸು ಬರುವಾಗ ಅಕ್ಕನ ಜೊತೆಗೇ ಬನ್ನಿ, ಒಬ್ಬಳೇ ಇರ್ತಾಳೆ' ಅಂದಳು ಸಾತ್ವಿಕಾ. ನೀವು ಊಟ ಬೇಡ ಅಂತ ಹೇಳಿದ್ದು ಏಜೆಂಟ್ ಅವಳಿಗೆ ಹೇಳಿದ್ದ. ಅದಕ್ಕೆ ನನ್ನ ಹೆಸರಿನಲ್ಲಿ ಬರೆಸಿದೆ. ಕೂಗಿದರೆ ನನ್ನನ್ನು ಕೂಗಲಿ ಅಂತ."

"ಮತ್ತೆ ಆ ಕಟ್ಟು?"

"ನಿಮಗೇ ಅಂತ ಎದುರಿಗೆ ಕೊಟ್ಟರೆ ನೀವು ಬಿಸಾಡ್ತೀರಂತೆ. ಬೇರೆಯವರಿಗೆ ಅಂತ ಕೊಟ್ಟರೆ ನಿಮ್ಮ ಕೈಚೀಲದಲ್ಲಿ ಇರ್ತದೆ, ದಾರಿಯಲ್ಲಿ ಬೇಕಾದರೆ... ಹೆಸರು ಓದಿದರೆ ಗೊತ್ತಾಗ್ತದೆ ಅಂತ ಚೀಟಿ ನಾನೇ ಕೆರೆದೆ. ಸುಳ್ಳು ಹೇಳಿ ಅಭ್ಯಾಸ ಇಲ್ಲ ನನಗೆ. ಎಲ್ಲ ಗಡಿಬಿಡಿ ಆಯ್ತು."

"ಇಷ್ಟೇಯಾ? ಇನ್ನೂ ಉಂಟಾ?"

ಅವನ ಕಿವಿ ಮತ್ತೆ ಕೆಂಪಾಯಿತು. "ಇಬ್ಬರೂ ಒಮ್ಮೆ ಮಾತಾಡಿ ನೋಡಿ, ಹೊಂದಿಕೆಯಾದರೆ ಮದುವೆ... ಅಂತ ಕೂಡ ಹೇಳಿದ್ದಳು."

ಹೆಣ್ಣು ನೋಡುವ ಶಾಸ್ತ್ರ! ಆಕಾಶದಲ್ಲಿ, ಎದ್ದು ಹೋಗಲಾಗದ ಹಾಗೆ ಕಟ್ಟಿಹಾಕಿ!

"ಮತ್ತೆ ಅದೇ!" ಅವಳು ತಟ್ಟೆಯನ್ನು ದೂರ ಸರಿಸಿದಳು. "ಮೂವತ್ತು ವರ್ಷದಿಂದ ಅದೇ! ನನ್ನ ಒಳ್ಳೆಯದಕ್ಕೆ ಅಂತ ನನ್ನ ಬೆನ್ನ ಹಿಂದೆ ಮುಚ್ಚಳ ಮುಚ್ಚುವುದು! ನಿಮಗೂ ನನ್ನ ಮೇಲೆ ಕನಿಕರ ಅಲ್ವಾ? ಒಂದು ಪುಣ್ಯದ ಕೆಲಸ ಅಲ್ವಾ?"

"ಸಾತ್ವಿಕಾ ಹೇಳಿದ್ದು ನೋಡಿಕೊಳ್ಳಿ ಅಂತ," ಅವನು ತಲೆಯೆತ್ತಲಿಲ್ಲ. "ಮೆಚ್ಚಿಕೊಳ್ಳಿ ಅಂತ ಯಾರೂ ಹೇಳಿರಲಿಲ್ಲ. ಅದು ನಾನಾಗಿ ಮಾಡಿದ್ದು. ನನ್ನನ್ನು ಕಳ್ಳ ಅಂತ ಎಣಿಸಿಕೊಂಡೇ ನೀರು ತಂದುಕೊಟ್ಟಿರಲ್ಲ ನೀವು... ಅಂಥವರನ್ನು ನಾನು ನೋಡಿರಲಿಲ್ಲ."

ಅವಳು ಎದ್ದುಬಿಟ್ಟಳು. ಹಿಂದಿನ ಸಾಲೊಂದು ಖಾಲಿಯಿತ್ತು. ಅಲ್ಲಿ ಹೋಗಿ ಶಾಲು ಹೊದ್ದು ಕುಳಿತಳು.

ಅವನು ಹಿಂದೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಗಗನಸಖಿ ಬಂದು, ಯಾರದೋ ಪೆಟ್ಟಿಗೆಯ ಆಚೆಯಿಂದ ಅವಳ ಚೀಲವನ್ನು ತೆಗೆದು ಕಾಲಬುಡದಲ್ಲಿ ಇಟ್ಟಳು. "ಕಿಟಕಿಯ ಪಕ್ಕದವರು ಹೇಳಿದರು," ಎಂದಳು ಇಂಗ್ಲಿಷಿನಲ್ಲಿ. "ಅವರೇ ಕೇಳಿದ್ದೆಂದು ನಿಮಗೆ ಹೇಳಬೇಕಂತೆ. ಗುಟ್ಟಾಗಿ ಮಾಡಬಾರದಂತೆ."

ಪ್ರೇಮಾವತಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಆದರೆ ಕಣ್ಣು ಕೇಳಬೇಕಲ್ಲ! ಎರಡು ಸೀಟುಗಳ ಸಂದಿನಲ್ಲಿ ಅವನ ಭುಜದ ಒಂದು ತುಂಡು ಕಾಣುತ್ತಿತ್ತು. ಅದನ್ನು ಎಷ್ಟು ಹೊತ್ತು ನೋಡಿದಳೋ.

ಇವನ ಕೈಯಲ್ಲಿ ಇನ್ನೇನು ಅಡಗಿದೆ? ಹುಡುಕಿದಳು. ಮನಸ್ಸನ್ನೆಲ್ಲ ಜರಡಿ ಹಿಡಿದಳು. ಏನೂ ಸಿಗಲಿಲ್ಲ.

ಇಳಿಯಲು ಇನ್ನು ಸ್ವಲ್ಪವೇ ಹೊತ್ತು. ಕಿಟಕಿಗಳ ಮುಚ್ಚಳ ಸರಿದು ಬಿಸಿಲು ಒಳಗೆ ಬಂತು. ಎರಡನೆಯ ಊಟ.

"ಮಿಸ್ಟರ್ ಜಿತೇಶ್? ಡಯಾಬಿಟಿಕ್ ಮೀಲ್?"

ಅವಳು ಶಾಲು ಸರಿಸಿ ಕಿವಿಗೊಟ್ಟಳು.

ಅವನು ಮೆಲ್ಲಗೆ ಹೇಳಿದ್ದು ಕೇಳಿಸಿತು. "ಅದು ನನ್ನದಲ್ಲ. ತಪ್ಪಾಗಿ ನನ್ನ ಹೆಸರಿನಲ್ಲಿ ಬರೆಸಿದ್ದೆ."

"ಹಾಗಾದರೆ ಯಾರದ್ದು?"

ಅವನು ಹಿಂದೆ ತಿರುಗಲಿಲ್ಲ. ಅವಳ ಕಡೆ ಬೆರಳು ತೋರಿಸಲಿಲ್ಲ.

"ಇಲ್ಲಿ ಯಾರಿಗಾದರೂ ಡಯಾಬಿಟಿಕ್ ಮೀಲ್?" ಗಗನಸಖಿ ಧ್ವನಿಯೆತ್ತಿ ಕೇಳಿದಳು.

ತಲೆಗಳು ತಿರುಗಿದವು. ಬಂಟ್ವಾಳದ ಪಂಕ್ತಿಯಂತೆಯೇ. ಸುಮ್ಮನಿದ್ದರೆ ತಟ್ಟೆ ವಾಪಸು ಹೋಗುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ...

ಅವಳು ಎದ್ದು ನಿಂತಳು.

"ನನ್ನದು. ನನಗೆ ಶುಗರ್ ಉಂಟು."

ಕನ್ನಡದಲ್ಲೇ ಬಂದುಬಿಟ್ಟಿತು. ಕೈಯೆತ್ತಿ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಹೇಳಿದಳು, ಇನ್ನೂ ಗಟ್ಟಿಯಾಗಿ. ತಿರುಗಿದ ತಲೆಗಳು ತಮ್ಮ ತಮ್ಮ ಪರದೆಗೆ ವಾಪಸಾದವು. ಅಷ್ಟೇ! ಇಷ್ಟಕ್ಕೇ ಇಷ್ಟು ವರ್ಷ...

ಚೀಲ ಎತ್ತಿಕೊಂಡು ತನ್ನ ಸಾಲಿಗೆ ಬಂದಳು. ದಾರಿಯ ಪಕ್ಕದ ತನ್ನ ಸೀಟು ಬಿಟ್ಟು ನಡುವಿನದರಲ್ಲಿ ಕುಳಿತಳು. ಗಗನಸಖಿ ತಟ್ಟೆಯನ್ನು ಅವಳ ಮುಂದಿಟ್ಟು ಹೋದಳು. ಅವನು ಉಸಿರಾಡುವುದನ್ನೇ ಮರೆತಂತಿದ್ದ. ಅವಳು ಅವನೆದುರಿಗೇ ಪೆನ್ ತೆಗೆದು, ಹೊಟ್ಟೆಯ ಬದಿಗೆ ಚುಚ್ಚಿ, ಮುಚ್ಚಳ ಹಾಕಿದಳು.

"ಇನ್ನು ನನಗೆ ಏನು ಕೊಡುವುದಾದರೂ ಎದುರಿಗೇ ಕೊಡಿ. ಆಗ್ತದಾ?"

"ಆಗ್ತದೆ."

"ನಾನು ಸಂಶಯದವಳು. ಅದು ನಾಳೆಗೇ ಹೋಗುವುದಿಲ್ಲ."

"ಇರಲಿ. ಕೇಳಿ. ಕೇಳಿದಷ್ಟು ಸಲ ಹೇಳ್ತೇನೆ."

ಅವಳು ಅವನ ಮುಖ ನೋಡಿದಳು. ಕೈ ನೋಡುವ ನೆನಪೇ ಆಗಲಿಲ್ಲ.

"ಸಾತ್ವಿಕಾ ಹೊರಗೆ ಕಾಯ್ತಾ ಇರ್ತಾಳೆ," ಎಂದ ಅವನು, ಹೆದರಿ ಹೆದರಿ. "ಅವಳಿಗೆ ಏನು ಹೇಳುವ?"

"ಗಂಡು ಹೆಣ್ಣನ್ನು ನೋಡಿ ಆಯ್ತು. ಹೆಣ್ಣು ಗಂಡನ್ನು ಚೆಂದ ಮಾಡಿ ಜರಡಿ ಹಿಡಿದೂ ಆಯ್ತು ಅಂತ ಹೇಳುವ."

"ಮತ್ತೆ... ಜಾತಕ?"

"ಅದಕ್ಕೆಂತ ಆಗಿದೆ? ಸರಿಯಾಗಿಯೇ ಉಂಟು!"

ಗಾಡಿ ಅವರ ಸಾಲಿಗೆ ಬಂತು. ಗಗನಸಖಿ ಅವನ ಪಾಲಿನ ತಟ್ಟೆಯನ್ನು ಚಾಚಿದಳು. ಅದು ಅವಳ ಕೈ ದಾಟಿಯೇ ಹೋಗಬೇಕಿತ್ತು. ಪ್ರೇಮಾವತಿ ಎರಡೂ ಕೈಯಿಂದ ತೆಗೆದುಕೊಂಡಳು. ಮುಚ್ಚಿದ ಹಾಳೆಯನ್ನು ಬಿಸಿ ಆರದ ಹಾಗೆ ಒಂದು ಬದಿಯಿಂದ ಮಾತ್ರ ಬಿಡಿಸಿ, ಅವನ ಕೈಗೆ ಕೊಟ್ಟಳು.